ಭಾನುವಾರದ ಬೋರ್ಡು

"ಹುಡುಗ ಮಾತಾಡ್ತಾ ಇರುವಾಗ ನೀವು ಒಮ್ಮೆ ಆಕಳಿಸಬೇಕು," ಎಂದು ಮೇಷ್ಟ್ರು ನನಗೆ ಹೇಳಿಕೊಟ್ಟಿದ್ದರು. "ಜೋರಾಗಿ ಬೇಡ. ಬಾಯಿಗೆ ಕೈ ಅಡ್ಡ ಹಿಡಿದು, ಮರ್ಯಾದಸ್ಥರ ಹಾಗೆ."

ನಾನಾಗ ಮೊರ ಮುಂದಿಟ್ಟುಕೊಂಡು ಹುರುಳಿಕಾಯಿಯ ನಾರು ತೆಗೆಯುತ್ತ ಕೂತಿದ್ದೆ. "ಅಯ್ಯೋ ಮೇಷ್ಟ್ರೇ, ಬಾ ಅಂದ ತಕ್ಷಣ ಆಕಳಿಕೆ ಬಂದುಬಿಡತ್ತಾ?" ಎಂದೆ.

"ಬರ್ತದೆ, ಬರ್ತದೆ. ಇವನ ಇಂಗ್ಲಿಷು ಒಂಚೂರು ಕೇಳಿ, ತಾನಾಗೇ ಬರ್ತದೆ."

ಬಾಗಿಲಾಚೆ ನಿಂತಿದ್ದ ಹುಡುಗ ಕುಂದಾಪುರದ ಕಡೆಯವನು. ಕಿವಿಯವರೆಗೂ ಕೆಂಪಾಗಿದ್ದ. ಮೇಷ್ಟ್ರು ಪಂಚೆಯ ಮೇಲೆ ಕರಿ ಕೋಟು ತೊಟ್ಟು, ಜಗಲಿಯ ಮೇಜಿನ ಹಿಂದೆ ಕೂತು, ಗಂಟಲು ಸರಿಮಾಡಿಕೊಂಡು "ಕಮ್ ಇನ್" ಎಂದರು. ಅವರ ಎಡಕ್ಕೆ ಅವರ ಹೆಂಡತಿ, ಬಲಕ್ಕೆ ನಾನು. ನಾವು ಮೂವರೂ ಸೇರಿ ಇಂಟರ್‌ವ್ಯೂ ಬೋರ್ಡು.

ಮೇಷ್ಟ್ರು ಹೋದ ತಿಂಗಳು ತೀರಿಕೊಂಡರು. ನಾವು ಮದ್ರಾಸಿನ ತಿರುವಲ್ಲಿಕ್ಕೇಣಿಯ ಆ ಮನೆ ಬಿಟ್ಟು ಟಿ. ನಗರಕ್ಕೆ ಬಂದ ಮೇಲೆ ಹೋಗಿಬರುವುದು ಕಡಿಮೆಯಾಗಿತ್ತು. ಸುದ್ದಿ ತಂದವರು ನಮ್ಮ ಯಜಮಾನರು. ಆಫೀಸಿನಿಂದ ಬಂದವರು ಚಪ್ಪಲಿ ಬಿಡದೆ ಹೊಸ್ತಿಲಲ್ಲೇ ನಿಂತು "ಮೇಷ್ಟ್ರು ಹೋದರಂತೆ ಕಣೇ" ಎಂದರು. ಕೈಯಲ್ಲಿದ್ದ ಸೌಟು ಕೈಯಲ್ಲೇ ಉಳಿಯಿತು. ಯಾವ ಮೇಷ್ಟ್ರು ಎಂದು ಕೇಳುವ ಅಗತ್ಯವಿರಲಿಲ್ಲ.

ತಿರುವಲ್ಲಿಕ್ಕೇಣಿಯಲ್ಲಿ ನಾವಿದ್ದದ್ದು ಉದ್ದಕ್ಕೆ ಸಾಗಿದ ಒಂದು ವಠಾರ. ಐದಾರು ಸಂಸಾರಕ್ಕೆ ಒಂದೇ ಬಾವಿ. ನಮ್ಮದು ಮೈಸೂರು ಕಡೆ, ಗೋಡೆಯಾಚೆಯ ಅವರದು ಉಡುಪಿ ಸೀಮೆ. ಅವರ ಹೆಂಡತಿಯನ್ನು ನಾನು ಅಕ್ಕ ಎನ್ನುತ್ತಿದ್ದೆ. ನನ್ನ "ಬರತ್ತೆ, ಹೋಗತ್ತೆ" ಕೇಳಿ ಅಕ್ಕ ನಗುವುದು, ಅವರ "ಎಂಥದು, ಉಂಟು" ಕೇಳಿ ನಾನು ನಗುವುದು. ಸುತ್ತಲೂ ತಮಿಳಿನವರೇ ಇದ್ದ ವಠಾರದಲ್ಲಿ ಅಷ್ಟು ನಗುವುದಕ್ಕಾದರೂ ಒಬ್ಬರು ಸಿಕ್ಕಿದರಲ್ಲ ಎಂದು ಇಬ್ಬರಿಗೂ ಸಮಾಧಾನ.

ಮೇಷ್ಟ್ರು ಎಂದು ಎಲ್ಲರೂ ಕರೆದರೂ ಅವರು ಪಾಠ ಮಾಡುವ ಮೇಷ್ಟ್ರಲ್ಲ. ಕಾಲೇಜೊಂದರ ರಸಾಯನಶಾಸ್ತ್ರದ ಲ್ಯಾಬಿನಲ್ಲಿ ಡೆಮಾನ್‌ಸ್ಟ್ರೇಟರು. ಬೆರಳ ತುದಿಗಳಲ್ಲಿ ಯಾವಾಗಲೂ ಕಂದು ಕಲೆ. ಎಷ್ಟು ಸೀಗೆಪುಡಿ ಹಾಕಿ ತಿಕ್ಕಿದರೂ ಹೋಗದು. ಅನ್ನ ಕಲಸುವಾಗ ಅಕ್ಕ ಆ ಬೆರಳುಗಳನ್ನು ನೋಡದ ಹಾಗೆ ಮುಖ ತಿರುಗಿಸುತ್ತಿದ್ದರು.

ಆಗ ದಕ್ಷಿಣ ಕನ್ನಡ ಮದ್ರಾಸು ರಾಜ್ಯಕ್ಕೇ ಸೇರಿತ್ತು. ದೊಡ್ಡ ಓದಿಗೆ ಹುಡುಗರು ಇಲ್ಲಿಗೇ ಬರಬೇಕು. ಟ್ರಂಕು ಹೊತ್ತು ರೈಲಿಳಿದ ಹುಡುಗ ಮೊದಲು ಹೋಗುವುದು ತನ್ನೂರಿನವರ ಹೋಟೆಲಿಗೆ. ಅಲ್ಲಿ ಊಟವಾದ ಮೇಲೆ ಗಲ್ಲಾದಲ್ಲಿ ಕೂತವರು, "ಹೊಟ್ಟೆಗೆ ನಾವು ಹಾಕಿ ಆಯ್ತು, ತಲೆಗೆ ಹಾಕುವವರು ತಿರುವಲ್ಲಿಕ್ಕೇಣಿಯಲ್ಲಿದ್ದಾರೆ, ಅಲ್ಲಿಗೆ ಹೋಗು" ಎಂದು ಕಳಿಸಿಬಿಡುತ್ತಿದ್ದರು. ಅವನು ಬೆವರೊರೆಸಿಕೊಳ್ಳುತ್ತ ನಮ್ಮ ವಠಾರದ ಬಾಗಿಲಲ್ಲಿ ನಿಲ್ಲುತ್ತಿದ್ದ.

ಮೇಷ್ಟ್ರು ಹೇಳುತ್ತಿದ್ದ ಬುದ್ಧಿಮಾತು ಗೋಡೆಯಾಚೆಯಿಂದ ಕೇಳಿ ಕೇಳಿ ನನಗೇ ಬಾಯಿಪಾಠವಾಗಿತ್ತು.

"ಮೊದಲ ವಾರ ಸ್ನೇಹಿತರನ್ನು ಹುಡುಕಬೇಡ. ಕುಡಿಯುವ ನೀರು ಎಲ್ಲಿ, ಲೈಬ್ರರಿ ಎಲ್ಲಿ, ಅಷ್ಟು ನೋಡಿಕೋ. ಸ್ನೇಹಿತರು ಅವರಾಗೇ ಬರ್ತಾರೆ, ಅದರಲ್ಲಿ ಅರ್ಧ ಜನ ನಿನ್ನ ರೆಕಾರ್ಡು ಕಾಪಿ ಮಾಡ್ಲಿಕ್ಕೆ. ಎರಡನೇ ಬೆಂಚಿನಲ್ಲಿ ಕೂರು. ಪ್ರಿನ್ಸಿಪಾಲರಿಗೆ ನಮಸ್ಕಾರ ಮಾಡದಿದ್ದರೂ ಚಿಂತೆ ಇಲ್ಲ, ಲ್ಯಾಬಿನ ಅಟೆಂಡರಿಗೆ ಮಾಡು. ಪರೀಕ್ಷೆಯ ದಿನ ನಿನಗೆ ಒಡಕಿಲ್ಲದ ಬ್ಯೂರೆಟ್ಟು ಕೊಡುವವನು ಅವನು."

"ಅಳು ಬರ್ತದೆ. ಎಲ್ಲರಿಗೂ ಬರ್ತದೆ. ಬಚ್ಚಲಲ್ಲಿ ನಲ್ಲಿ ತಿರುಗಿಸಿ ಅಳು. ಊರಿಗೆ ಮಾತ್ರ ಬರೀಬೇಡ. ಆ ಕಾಗದ ತಲುಪುವಾಗ ನಿನ್ನ ಅಳು ಮುಗಿದಿರ್ತದೆ, ನಿನ್ನ ಅಮ್ಮನದ್ದು ಶುರುವಾಗ್ತದೆ."

"ಸಂಜೆ ಟೈಪಿಂಗಿಗೆ ಸೇರು."

"ನಾನು ಇಂಜಿನಿಯರಿಂಗಿಗೆ ಬಂದದ್ದಲ್ವಾ ಸಾರ್? ಟೈಪಿಂಗ್ ಎಂಥಕ್ಕೆ?"

"ಇಂಜಿನಿಯರ್ ಆಗದಿದ್ರೆ ಎಂಥ ಮಾಡ್ತಿ ಮಾರಾಯ?"

ಒಳಗಿನಿಂದ ಅಕ್ಕ, "ಬಂದ ದಿನವೇ ಹೆದರಿಸ್ಬೇಡಿ ಅವನನ್ನು, ಪಾಪ," ಎನ್ನುತ್ತ ಮಜ್ಜಿಗೆ ತಂದುಕೊಡುತ್ತಿದ್ದರು.

ಓದು ಮುಗಿಯುವ ಹೊತ್ತಿಗೆ ಅದೇ ಹುಡುಗರು ಇನ್ನೊಮ್ಮೆ ಬರುತ್ತಿದ್ದರು. ಆಗ ನಡೆಯುತ್ತಿದ್ದದ್ದು ಭಾನುವಾರದ ಬೋರ್ಡು. ಬಾಗಿಲು ತಟ್ಟಿ ಒಳಬರಬೇಕು, ಕೂರು ಎನ್ನುವವರೆಗೆ ನಿಂತಿರಬೇಕು. ಅಕ್ಕನಿಗೆ ಇಂಗ್ಲಿಷು ಬಾರದು. ಅವರ ಕೆಲಸ ಹುಡುಗನ ಮುಖವನ್ನೇ ದಿಟ್ಟಿಸಿ ನೋಡುವುದು. "ನಿಮ್ಮ ಹೆಂಡ್ತಿ ನೋಡಿದ್ರೆ ಕಲಿತದ್ದೆಲ್ಲ ಮರೆತುಹೋಗ್ತದೆ ಸಾರ್," ಎಂದು ಒಬ್ಬ ದೂರಿದ್ದಕ್ಕೆ ಮೇಷ್ಟ್ರು, "ನನಗೂ ಹಾಗೇ ಆದದ್ದು, ಮದುವೆ ಆಗಿಹೋಯ್ತು," ಎಂದಿದ್ದರು. ಬಂದ ಹುಡುಗ ಹೊಸ ಬೂಟು ತೊಟ್ಟಿದ್ದರೆ ಎಬ್ಬಿಸಿ ಕಳಿಸುತ್ತಿದ್ದರು. ಒಂದು ವಾರ ಹಾಕಿ ಸವೆಸಿ ಬಾ, ಕಾಲಿನ ನೋವು ಮುಖದಲ್ಲಿ ಕಾಣ್ತದೆ ಎಂದು.

ಎಲ್ಲಕ್ಕಿಂತ ದೊಡ್ಡ ನಿಯಮ ಒಂದಿತ್ತು. ಕೇಳಿದ್ದಕ್ಕೆ ಉತ್ತರ ಕೊಡಬೇಕು, ಬಾಯಿ ಮುಚ್ಚಬೇಕು. ಕೇಳದ್ದನ್ನು ಹೇಳಕೂಡದು. ಇದು ಎಲ್ಲಿಂದ ಬಂತು ಎನ್ನುವುದನ್ನು ಒಂದು ಮಧ್ಯಾಹ್ನ ಹಪ್ಪಳ ಒಣಗಿಸುವಾಗ ಅಕ್ಕ ಹೇಳಿದರು. ಹರೆಯದಲ್ಲಿ ಮೇಷ್ಟ್ರನ್ನು ಲೆಕ್ಚರರ ಕೆಲಸಕ್ಕೆ ಕರೆದಿದ್ದರಂತೆ. ಎಲ್ಲ ಚೆನ್ನಾಗಿ ಹೇಳಿ, ಏಳುವ ಹೊತ್ತಿಗೆ, ಯಾರೂ ಕೇಳದಿದ್ದರೂ ಮನೆಯ ಕಷ್ಟ, ತಾಯಿಯ ಕಾಯಿಲೆ ಎಲ್ಲ ಹೇಳಿಕೊಂಡರಂತೆ. ಬೋರ್ಡಿನವರಲ್ಲಿ ಒಬ್ಬ ಪಕ್ಕದವನ ಕಡೆ ನೋಡಿ ನಕ್ಕನಂತೆ. "ಕೆಲಸ ಹೋದದ್ದಕ್ಕಲ್ಲ, ಆ ನಗುವಿಗೆ ಅವರು ಈಗಲೂ ನಿದ್ದೆಯಲ್ಲಿ ಹಲ್ಲು ಕಡೀತಾರೆ," ಎಂದರು ಅಕ್ಕ.

ಐವತ್ತಾರರಲ್ಲಿ ರಾಜ್ಯಗಳು ಬೇರೆಯಾದವು. ನಮ್ಮ ಊರಿನ ಹಾಗೆ ಅವರ ಊರೂ ಮೈಸೂರು ರಾಜ್ಯಕ್ಕೆ ಸೇರಿತು. ಅಂದು ಅಕ್ಕ ಪಾಯಸ ಮಾಡಿ ಗೋಡೆಯ ಮೇಲಿಂದ ನನಗೂ ಒಂದು ಲೋಟ ಕೊಟ್ಟರು. ನಮ್ಮ ಯಜಮಾನರು ಮಾತ್ರ, "ಇಲ್ಲಿರೋ ನಮ್ಮ ಗತಿ ಏನು ಮೇಷ್ಟ್ರೇ?" ಎಂದು ಕೇಳಿದರು.

"ಎಂಥ ಆಗ್ತದೆ? ಮದ್ರಾಸು ಎದ್ದು ಓಡಿಹೋಗ್ತದಾ?"

ಮದ್ರಾಸು ಓಡಿಹೋಗಲಿಲ್ಲ. ಹುಡುಗರು ಬರುವುದು ನಿಂತಿತು. ಅವರೀಗ ಮೈಸೂರಿಗೆ, ಬೆಂಗಳೂರಿಗೆ ಹೋಗತೊಡಗಿದರು. ಭಾನುವಾರ ಮೇಷ್ಟ್ರು ಎಂದಿನಂತೆ ಮೇಜು ಹೊರಗೆ ತಂದಿಟ್ಟು ಒರೆಸುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಅದರ ಮೇಲೆ ಯಾರದೋ ಮನೆಯ ಮೆಣಸಿನಕಾಯಿ ಒಣಗುತ್ತಿರುತ್ತಿತ್ತು.

ಬೋರ್ಡಿನ ಮುಂದೆ ಕೊನೆಗೆ ಉಳಿದವನು ಅವರ ಮಗ ವಾಸು. ಒಬ್ಬನೇ ಮಗ. ಅಕ್ಕನಿಗೆ ತವರಿರಲಿಲ್ಲ. ಹಾಗಾಗಿ ಬಾಣಂತನ ಇಲ್ಲೇ ಆಯಿತು. ನಮ್ಮ ಬೀದಿಯ ಕೊನೆಯ ಹೆರಿಗೆ ಆಸ್ಪತ್ರೆಯಲ್ಲಿ ಹುಟ್ಟಿ, ಇದೇ ಗಲ್ಲಿಯಲ್ಲಿ ಗೋಲಿಯಾಡಿ, ತಮಿಳು ಶಾಲೆಯಲ್ಲಿ ಓದಿದವನು. ಅಪ್ಪ ಕನ್ನಡದಲ್ಲಿ ಕೇಳಿದ್ದಕ್ಕೆ ತಮಿಳಿನಲ್ಲಿ "ಸರಿಪ್ಪಾ" ಎನ್ನುವನು. ನನ್ನನ್ನು ಮಾಮಿ ಎಂದು ಕರೆಯುತ್ತಿದ್ದ. ಮೆತ್ತಗಿನ ಹುಡುಗ. ಬಾವಿಯಿಂದ ನೀರು ಸೇದುವಾಗ ನನ್ನ ಬಿಂದಿಗೆಯನ್ನೂ ತುಂಬಿಸಿಟ್ಟು, ಹೇಳದೆ ಹೋಗಿಬಿಡುತ್ತಿದ್ದ.

ಬಿ.ಎಸ್‌ಸಿ. ಮುಗಿಸಿದ ಮೇಲೆ ಸರ್ಕಾರದ ಇಲಾಖೆಯೊಂದರ ಪ್ರಯೋಗಾಲಯದಲ್ಲಿ ಸಹಾಯಕನ ಕೆಲಸಕ್ಕೆ ಅವನಿಗೆ ಕರೆ ಬಂತು. ಮೇಷ್ಟ್ರ ನಿವೃತ್ತಿ ಹತ್ತಿರವಾಗುತ್ತಿತ್ತು. ಆ ಮನೆಗೆ ಬೇರೆ ಆಧಾರವಿರಲಿಲ್ಲ. ಕೋಟು ಮತ್ತೆ ಹೊರಬಂತು. ಅಕ್ಕನ ಕಾಲು ನೋವಿನಿಂದಾಗಿ ಅವರ ಜಾಗದಲ್ಲಿ ನಮ್ಮ ಯಜಮಾನರು ಕೂತರು.

"ನೇಟಿವ್ ಪ್ಲೇಸ್?" ಎಂದರು ಮೇಷ್ಟ್ರು.

"ಮೆಡ್ರಾಸ್, ಸರ್."

ಮೇಷ್ಟ್ರು ಪೆನ್ಸಿಲು ಕೆಳಗಿಟ್ಟರು. "ಎಂಥ?"

"ನಾ ಇಂಗೆದಾನೇಪ್ಪಾ ಪೊರಂದೇನ್," ಎಂದ ವಾಸು. ನಾನು ಹುಟ್ಟಿದ್ದು ಇಲ್ಲೇ ಅಲ್ಲವೇ ಅಪ್ಪಾ ಎಂದು.

"ಹುಟ್ಟಿದ್ದು ಎಲ್ಲಿ ಅಂತ ಯಾರು ಕೇಳಿದ್ದು? ಎಲ್ಲರೂ ಹುಟ್ಟುವುದು ಆಸ್ಪತ್ರೆಯಲ್ಲಿ. ಆಸ್ಪತ್ರೆ ಯಾರ ಊರೂ ಅಲ್ಲ. ನಿನ್ನ ಅಜ್ಜನ ಮನೆ ಎಲ್ಲಿ? ನಮ್ಮ ನಾಗಬನ ಎಲ್ಲಿ? ಅದು ನಿನ್ನ ಊರು."

ಇದರಲ್ಲಿ ನನಗೇನೂ ವಿಚಿತ್ರ ಕಾಣಲಿಲ್ಲ. ನಮ್ಮಂಥವರ ಮನೆಗಳಲ್ಲೆಲ್ಲ ಊರು ಯಾವುದು ಎಂದರೆ ಅಜ್ಜನ ಊರೇ. ಅದನ್ನು ಕಣ್ಣಿಂದ ನೋಡಿರಬೇಕು ಎಂದೇನೂ ಇಲ್ಲ. ನಮ್ಮ ಯಜಮಾನರು ಮಾತ್ರ ತಡೆದರು. "ಕಾಲ ಬದಲಾಗಿದೆ ಮೇಷ್ಟ್ರೇ. ಆ ಊರು ಈಗ ಬೇರೆ ರಾಜ್ಯ. ಮಗು ಹುಟ್ಟಿದ್ದು ಇಲ್ಲಿ, ಇಲ್ಲೀದೇ ಹೇಳಲಿ ಬಿಡಿ."

"ನಕಾಶೆ ಬದಲಾದ್ರೆ ಊರು ಬದಲಾಗ್ತದಾ? ಕೆಲಸಕ್ಕಾಗಿ ಅಜ್ಜನನ್ನು ಬಿಟ್ಟುಕೊಡ್ಲಿಕ್ಕೆ ಆಗ್ತದಾ?" ಎಂದವರೇ ಮಗನತ್ತ ತಿರುಗಿದರು. "ಇನ್ನೊಮ್ಮೆ. ನೇಟಿವ್ ಪ್ಲೇಸ್?"

ವಾಸು ತಾನು ಎಂದೂ ಕಾಲಿಡದ ಆ ಗ್ರಾಮದ ಹೆಸರು ಹೇಳಿದ. ತಾಲೂಕು ಹೇಳಿದ, ಜಿಲ್ಲೆ ಹೇಳಿದ. ಗ್ರಾಮದ ಹೆಸರಿನಲ್ಲಿದ್ದ ಳಕಾರ ಮಾತ್ರ ತಮಿಳರ ಹಾಗೆ ಬಂತು. ಅದು ಸರಿಯಾಗುವವರೆಗೆ ಮೇಷ್ಟ್ರು ಬಿಡಲಿಲ್ಲ.

ಇಂಟರ್‌ವ್ಯೂ ಮುಗಿಸಿ ಬಂದ ದಿನ ಅವನು ನೇರ ಬಾವಿಕಟ್ಟೆಗೆ ಹೋಗಿ ಮುಖಕ್ಕೆ ನೀರು ಹಾಕಿಕೊಂಡ. ಆಮೇಲೆ ಬಂದು ಜಗಲಿಯ ಮೆಟ್ಟಿಲ ಮೇಲೆ ಕೂತ. ನಾನು ಅಕ್ಕನ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದೆ.

"ಹೇಳು," ಎಂದರು ಮೇಷ್ಟ್ರು.

"ಎಲ್ಲದಕ್ಕೂ ಉತ್ತರ ಹೇಳಿದೆ. ಕೆಮಿಸ್ಟ್ರಿ ಎಲ್ಲ ಸರಿಯಾಗಿತ್ತು. ನಡುವೆ ಕೂತಿದ್ದವರು ನಲ್ಲ ಮನುಷ್ಯರು, ನೀರು ಬೇಕಾ ಅಂತಾನೂ ಕೇಳಿದ್ರು. ಕೊನೇಲಿ ನೇಟಿವ್ ಕೇಳಿದ್ರು. ಹೇಳಿದೆ." ಅವನು ಒದ್ದೆ ಕರ್ಚೀಫನ್ನು ಮಡಿಸುತ್ತಿದ್ದ. "‘ಓ, ಮೈಸೂರು ಸ್ಟೇಟಾ? ನಿಮ್ಮ ಸರ್ಕಾರದಲ್ಲಿ ಕೆಲಸ ಇಲ್ಲವಾ?’ ಅಂದ್ರು. ನಗ್ತಾನೇ."

"ನೀನು ಎಂಥ ಹೇಳಿದೆ?"

"ಒಣ್ಣುಮಿಲ್ಲೇಪ್ಪಾ. ಏನೂ ಹೇಳಲಿಲ್ಲ."

ಅಕ್ಕ ಕಾಲು ಹಿಂದಕ್ಕೆಳೆದುಕೊಂಡು ಎದ್ದು ಕೂತರು. "ಇಲ್ಲೇ ಹುಟ್ಟಿದ್ದು, ಇದೇ ಬೀದಿಯಲ್ಲಿ ಅಂತ ಒಂದು ಮಾತು ಹೇಳ್ಲಿಕ್ಕೆ ಆಗ್ಲಿಲ್ವಾ ಮಗಾ?"

ವಾಸು ಅಮ್ಮನ ಕಡೆ ನೋಡಲಿಲ್ಲ. ಅಪ್ಪನನ್ನೇ ನೋಡುತ್ತ, "ಅದನ್ನ ಅವರು ಕೇಳಲಿಲ್ಲಮ್ಮಾ," ಎಂದ.

ಹುಟ್ಟಿದ ಊರು ಅರ್ಜಿಯಲ್ಲೇ ಇತ್ತು. ಯಾರು ಅದನ್ನು ತಿರುವಿ ನೋಡುತ್ತಾರೆ? ಮೇಷ್ಟ್ರು, "ಸರಿಯಾಗೇ ಹೇಳಿದ್ದಿ. ಆಗುವುದಿದ್ದರೆ ಆಗ್ತದೆ," ಎಂದು ಒಳಗೆ ಹೋದರು. ಆಗಲಿಲ್ಲ. ಆರಿಸಿಕೊಂಡವರಲ್ಲಿ ಅವನ ಹೆಸರಿರಲಿಲ್ಲ. ಆ ಒಂದು ಮಾತೇ ಕಾರಣವೋ, ಇನ್ನೇನೋ, ಹೇಳುವವರು ಯಾರು? ಆದರೆ ಆ ಮನೆಯಲ್ಲಿ ಮೂವರೂ ಅದನ್ನೇ ಕಾರಣ ಎಂದು ನಂಬಿದರು. ಒಬ್ಬರೂ ಬಾಯಿಬಿಟ್ಟು ಹೇಳಲಿಲ್ಲ.

ಅದಾದ ಮೇಲೆ ಮೇಷ್ಟ್ರು ಅವನನ್ನು ಬೆಂಗಳೂರಿಗೆ ಕರೆದುಕೊಂಡು ಹೋದರು. ನಿಮ್ಮ ಸರ್ಕಾರ ಎಂದು ಬೋರ್ಡಿನವರೇ ಹೇಳಿದ್ದಾರಲ್ಲ, ನಮ್ಮ ಸರ್ಕಾರವನ್ನೇ ಕೇಳುವ ಎಂದು. ಅಲ್ಲಿಯ ಇಂಟರ್‌ವ್ಯೂನಲ್ಲಿ ಒಂದು ಕನ್ನಡ ಪತ್ರಿಕೆ ಕೈಗೆ ಕೊಟ್ಟು ಓದು ಎಂದರಂತೆ. ವಾಸುವಿಗೆ ಕನ್ನಡ ಅಕ್ಷರ ಬಾರದು. ಕಲಿಸಿದವರು ಯಾರು? ಮನೆಯಲ್ಲಿ ಮಾತು ಇದ್ದೇ ಇತ್ತು, ಅಕ್ಷರ ಎಂದಾದರೂ ಬರುತ್ತದೆ ಎಂದುಕೊಂಡಿದ್ದರು. "ಮದ್ರಾಸಿನವರು ಇಲ್ಲೀವರೆಗೆ ಯಾಕಪ್ಪ ಬಂದ್ರಿ?" ಎಂದು ಕೇಳಿ ಕಳಿಸಿದರಂತೆ. ಬಾಗಿಲ ಹೊರಗಿನ ಬೆಂಚಿನ ಮೇಲೆ ಕೂತಿದ್ದ ಮೇಷ್ಟ್ರಿಗೆ ಎಲ್ಲವೂ ಕೇಳಿಸಿತ್ತು.

ಬೆಂಗಳೂರಿನಿಂದ ಬಂದ ಮೇಲೆ ಅಪ್ಪ ಮಗನ ಮಾತು ನಿಂತಿತು. ಜಗಳವಾಡಲಿಲ್ಲ, ಕೂಗಾಡಲಿಲ್ಲ. ಇದ್ದದ್ದು ಒಂದು ಕೋಣೆ, ಒಂದು ಅಡುಗೆಮನೆ. ಅಷ್ಟರಲ್ಲೇ ಒಬ್ಬರಿಗೊಬ್ಬರು ಎದುರಾಗದೆ ಓಡಾಡುವುದನ್ನು ಕಲಿತರು. ಅಪ್ಪ ಉಂಡು ಎದ್ದ ಮೇಲೆ ಮಗನ ಎಲೆ. "ಅವನಿಗೆ ಕೊಡೆ ಕೊಂಡುಹೋಗ್ಲಿಕ್ಕೆ ಹೇಳು," ಎಂದು ಮೇಷ್ಟ್ರು ಅಕ್ಕನಿಗೆ ಹೇಳುವರು. ವಾಸು ಅಲ್ಲೇ ನಿಂತಿರುವನು. ಅಕ್ಕ, "ಕೊಡೆ ತಕ್ಕೊಂಡು ಹೋಗು," ಎಂದು ಅದನ್ನೇ ಇನ್ನೊಮ್ಮೆ ಹೇಳುವರು. ಬಾವಿಕಟ್ಟೆಯ ಹತ್ತಿರ ಒಂದು ದಿನ ನಾನು ವಾಸುವನ್ನು ಹಿಡಿದು ನಿಲ್ಲಿಸಿದೆ. "ಅಪ್ಪನ ಹತ್ರ ಒಂದು ಮಾತಾಡಿದ್ರೆ ನಿನ್ನ ಗಂಟೇನು ಹೋಗತ್ತೋ?" ಎಂದೆ.

"ಅಪ್ಪಾ ಏನೂ ಕೇಳಲೇ ಇಲ್ಲ ಮಾಮಿ," ಎಂದು ಬಿಂದಿಗೆ ತುಂಬಿಸಿಟ್ಟು ಹೋದ.

ಸರ್ಕಾರಿ ಕೆಲಸದ ವಯಸ್ಸು ಮೀರುತ್ತ ಬಂತು. ಮೇಷ್ಟ್ರು ನಿವೃತ್ತರಾದರು. ಮದ್ರಾಸಿನ ಹೊರವಲಯದ ಅಂಬತ್ತೂರಿನಲ್ಲಿ ಕಾರ್ಖಾನೆಗಳು ಏಳುತ್ತಿದ್ದ ಕಾಲ ಅದು. ಅಲ್ಲೊಂದು ಕಡೆ ತಗಡು ಒತ್ತುವ ಪ್ರೆಸ್ಸಿನ ಕೆಲಸಕ್ಕೆ ವಾಸು ಸೇರಿಕೊಂಡ. ನೇಟಿವ್ ಎಲ್ಲಿ ಎಂದು ಯಾರೂ ಕೇಳಲಿಲ್ಲವಂತೆ. ಬಿ.ಎಸ್‌ಸಿ. ಓದಿದ್ದೇನೆ ಎಂದು ಅವನೂ ಹೇಳಲಿಲ್ಲವಂತೆ. ಬೆಳಗಿನ ಕತ್ತಲಲ್ಲೇ ಹೊರಡುತ್ತಿದ್ದ. ಅಕ್ಕನ ಕೈಯಿಂದ ಬುತ್ತಿಯ ಡಬ್ಬಿ ತೆಗೆದುಕೊಳ್ಳುವಾಗ ಅವನ ಉಗುರುಗಳಲ್ಲಿ ಕಪ್ಪು ಎಣ್ಣೆ ಕಾಣುತ್ತಿತ್ತು.

ಒಂದು ಮಧ್ಯಾಹ್ನ ಆ ಪ್ರೆಸ್ಸು ಅವನ ಬಲಗೈಯ ಬೆರಳುಗಳನ್ನು ತೆಗೆದುಕೊಂಡಿತು. ಹೆಬ್ಬೆರಳೊಂದು ಉಳಿಯಿತು.

ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಅವನಿಗೆ ಊಟ ಮಾಡಿಸುವುದು ಅಕ್ಕ. ಮೇಷ್ಟ್ರು ಆ ಹೊತ್ತಿಗೆ ಎದ್ದು ಸಮುದ್ರದ ಕಡೆ ಹೋಗಿಬಿಡುತ್ತಿದ್ದರು. ಬರುವಾಗ ಪಂಚೆಯ ತುದಿಯೆಲ್ಲ ಮರಳು. ಎಲ್ಲಿ ಹೋಗಿದ್ದಿರಿ ಎಂದು ಅಕ್ಕನೂ ಕೇಳಲಿಲ್ಲ. ಹಾಗೇ ಕೆಲವು ವಾರ ಕಳೆದವು. ಕೈ ಹೋದವನನ್ನು ಮತ್ತೆ ತೆಗೆದುಕೊಳ್ಳುವುದು ಕಷ್ಟ ಎಂದು ಕಾರ್ಖಾನೆಯಿಂದ ಮಾತು ಬಂತು. ಮ್ಯಾನೇಜರು ಒಂದು ದಿನ ಬಂದು ಕಾಣಲು ಹೇಳಿದ್ದರು. ಹೊರಡುವ ಹೊತ್ತಿಗೆ ಮೇಷ್ಟ್ರು ಕೋಟು ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು. ನಮ್ಮ ಯಜಮಾನರ ಕಡೆ ನೋಡಿ, "ನೀವೂ ಬರ್ತೀರಾ? ನನಗೆ ಒಬ್ಬನೇ ಮಾತಾಡ್ಲಿಕ್ಕೆ ಧೈರ್ಯ ಸಾಲುವುದಿಲ್ಲ," ಎಂದರು. ಅವರ ಬಾಯಲ್ಲಿ ಅಂಥ ಮಾತನ್ನು ನಾನು ಕೇಳಿದ್ದು ಅದೊಂದೇ ಸಲ.

ಅಲ್ಲಿ ನಡೆದದ್ದನ್ನು ಯಜಮಾನರು ಆಮೇಲೆ ನನಗೆ ಹೇಳಿದರು. ವಾಸು ಹೊರಗಿನ ಬೆಂಚಿನ ಮೇಲೆ ಕೂತ. ಇವರಿಬ್ಬರೂ ಒಳಗೆ ಹೋದರು. ಮ್ಯಾನೇಜರು ಚಿಕ್ಕ ವಯಸ್ಸಿನ ತಮಿಳರು. ಕುರ್ಚಿ ತೋರಿಸಿದರು. ಮೇಷ್ಟ್ರು ಕೂರಲಿಲ್ಲ. ಮ್ಯಾನೇಜರು "ಏನು ವಿಷಯ?" ಎಂದದ್ದಷ್ಟೇ. ಮೇಷ್ಟ್ರು ಶುರುಮಾಡಿದರು. ತಮಿಳಿನಲ್ಲಿ, ಇಂಗ್ಲಿಷಿನಲ್ಲಿ, ಮಧ್ಯೆ ತಿಳಿಯದೆ ಕನ್ನಡದಲ್ಲಿ. ಹುಡುಗ ಇಲ್ಲೇ ಹುಟ್ಟಿದವನು ಸಾರ್, ತಿರುವಲ್ಲಿಕ್ಕೇಣಿಯಲ್ಲಿ, ನಮ್ಮ ಬೀದಿಯಲ್ಲೇ ಆಸ್ಪತ್ರೆ, ಬೇರೆ ಊರು ಅವನಿಗೆ ಗೊತ್ತೇ ಇಲ್ಲ, ನಾನು ಹೇಳಿಕೊಟ್ಟದ್ದು, ಅವನ ತಪ್ಪಲ್ಲ, ಬಿ.ಎಸ್‌ಸಿ. ಓದಿದ್ದಾನೆ, ಅವನ ತಾಯಿಗೆ ಕಾಲು ನೋವು, ಎಡಗೈಯಲ್ಲಿ ಬರೆಯಲು ಕಲಿಯುತ್ತಾನೆ, ನಾನು ಕಲಿಸುತ್ತೇನೆ. ಮ್ಯಾನೇಜರು "ಸರಿ, ಸರಿ ಸಾರ್, ಕೂತುಕೊಳ್ಳಿ," ಎಂದರೂ ನಿಲ್ಲಲಿಲ್ಲ. ಕೋಟಿನ ತೋಳಿನಿಂದ ಕಣ್ಣೊರೆಸಿಕೊಂಡು ಮತ್ತೆ ಮೊದಲಿನಿಂದ ಶುರುಮಾಡಿದರು.

"ನಾನು ತಲೆ ತಗ್ಗಿಸಿ ಕೂತುಬಿಟ್ಟೆ ಕಣೇ," ಎಂದರು ಯಜಮಾನರು. "ಆ ಮನುಷ್ಯ ನಗಲಿಲ್ಲ. ಅದೊಂದು ಪುಣ್ಯ."

ಗೇಟಿನಲ್ಲಿ ಬಂದುಹೋಗುವವರ ಹೊತ್ತು ಬರೆದುಕೊಳ್ಳುವ, ಕೂತು ಮಾಡುವ ಕೆಲಸವೊಂದನ್ನು ಕೊಡುತ್ತೇವೆ ಎಂದರಂತೆ. ಹಿಂದಿರುಗುವಾಗ ಬಸ್ಸಿನಲ್ಲಿ ಇಬ್ಬರಿಗೇ ಜಾಗ ಸಿಕ್ಕಿತು. ವಾಸು ನಿಂತೇ ಬಂದ. ಮೇಷ್ಟ್ರು ಕಿಟಕಿಯ ಕಡೆ ಮುಖ ಮಾಡಿಯೇ, "ನಾನು ಇವತ್ತು ಆಡಿದ್ದರಲ್ಲಿ ಒಂದು ಮಾತು ಅವನು ಅವತ್ತು ಇಂಟರ್‌ವ್ಯೂನಲ್ಲಿ ಆಡಿದ್ರೆ ಸಾಕಿತ್ತು," ಎಂದರಂತೆ. "ಆಡಬೇಡ ಅಂತ ನಾನೇ ಹೇಳಿದ್ದೆ. ಇಡೀ ಊರಿನ ಮಕ್ಕಳಿಗೆ ಕಲಿಸಿದೆ, ಅವರ್ಯಾರೂ ಇಷ್ಟು ಸರಿಯಾಗಿ ಕಲೀಲಿಲ್ಲ."

ನಾವು ಮಾರನೆಯ ವರ್ಷ ಟಿ. ನಗರಕ್ಕೆ ಬಂದೆವು.

ಹೋದ ತಿಂಗಳು, ಹದಿಮೂರನೆಯ ದಿನ ಕಳೆದ ಮೇಲೆ, ನಾನು ಅಕ್ಕನನ್ನು ನೋಡಲು ಹೋದೆ. ಅಕ್ಕ ಗೋಡೆಗೆ ಒರಗಿ ಕೂತಿದ್ದರು. ನನ್ನ ಕೈ ಹಿಡಿದುಕೊಂಡರು. ವಾಸು ಕಾಫಿ ತಂದ, ಎಡಗೈಯಲ್ಲಿ. ಅಪ್ಪ ಕೊನೆಯವರೆಗೆ ಅವನ ಹತ್ತಿರ ನೇರ ಮಾತಾಡಿರಲಿಲ್ಲ, ಅವನೂ ಆಡಿರಲಿಲ್ಲ ಎಂದು ವಠಾರದವರು ಹೇಳಿದ್ದರು. ನನಗೆ ತಡೆಯಲಾಗಲಿಲ್ಲ. ಅಂಬತ್ತೂರಿನಿಂದ ಬರುವಾಗ ಬಸ್ಸಿನಲ್ಲಿ ಅವರ ಅಪ್ಪ ಆಡಿದ ಮಾತನ್ನು ಈಗಲಾದರೂ ಅವನಿಗೆ ತಿಳಿಸಬೇಕು ಎನ್ನಿಸಿತು.

"ವಾಸು, ನಿಮ್ಮಪ್ಪ ಅವತ್ತು ಬಸ್ಸಲ್ಲಿ ಒಂದು ಮಾತು ಹೇಳಿದ್ರಂತೆ," ಎಂದು ಶುರುಮಾಡಿದೆ.

"ಗೊತ್ತು ಮಾಮಿ. ಅವರ ಸೀಟಿನ ಹಿಂದೇನೇ ನಿಂತಿದ್ದೆ."

"ಕೇಳಿಸಿತಾ ನಿಂಗೆ?"

"ಕೇಳಿಸಿತು. ಫ್ಯಾಕ್ಟರಿಯಲ್ಲಿ ಮಾತಾಡಿದ್ದೂ ಕೇಳಿಸಿತು. ಬಾಗಿಲು ತೆರೆದೇ ಇತ್ತಲ್ಲ."

"ಮತ್ತೆ ಯಾಕೋ ಮಗೂ, ಇಷ್ಟು ವರ್ಷ..." ಎಂದೆ.

ಅವನು ನನ್ನ ಮುಂದೆ ಲೋಟ ಇಟ್ಟು, ಬಲಗೈಯನ್ನು ಪಂಚೆಯ ಮಡಿಕೆಯೊಳಗೆ ಸರಿಸಿಕೊಂಡು ನೆಲದ ಮೇಲೆ ಕೂತ.

"ಏನು ಹೇಳೋದು ಅಂತ ಯೋಚನೆ ಮಾಡ್ತಾನೇ ಇದ್ದೆ ಮಾಮಿ," ಎಂದ. "ಅಷ್ಟರಲ್ಲಿ ಹೋಗಿಬಿಟ್ರು."